ಎಡಗೈ ಹೊಲಿಗೆ

ಬೇರೆಯವರ ಹಾಸಿಗೆಯ ಮೇಲೆ ಗಾದಿಯಪ್ಪನವರು ಸುಮ್ಮನೆ ಮಲಗಿದ್ದನ್ನು ಕಂಡವರಿಲ್ಲ. ಊರಿಗೆಲ್ಲ ಹಾಸಿಗೆ ಮಾರುವವರಾದ್ದರಿಂದಲೇ ಆ ಹೆಸರು. ನೆಂಟರ ಮನೆಗೆ ಹೋದರೂ ಮೊದಲು ಹೆಬ್ಬೆರಳಲ್ಲಿ ಹಾಸಿಗೆ ಒತ್ತಿ, ಮೂಗು ಮುರಿದು, ಆಮೇಲೆ ಯೋಗಕ್ಷೇಮ ವಿಚಾರಿಸುವುದು. ಇಷ್ಟೆಲ್ಲ ಇದ್ದೂ ಮನೆಯಲ್ಲಿ, ತಮ್ಮದೇ ಅಂಗಡಿಯ ಭಾರೀ ಬೆಲೆಯ ಸ್ಪ್ರಿಂಗ್ ಹಾಸಿಗೆಯ ಮೇಲೆ, ಅವರಿಗೆ ವರ್ಷಗಳಿಂದ ನಿದ್ದೆಯಿಲ್ಲ. ಹೊಟ್ಟೆಯ ವಾಯು ಅಂತ ಅವರ ವಾದ. ಒಡಹುಟ್ಟಿದ ತಮ್ಮನು ಮನೆ ಬಿಟ್ಟು ಹೋದಂದಿನಿಂದ ಅಂತ ಹೆಂಡತಿಯ ಲೆಕ್ಕ. ಆದರೆ ಆ ತಮ್ಮನ ಮಾತೆತ್ತಿದರೆ ಗಾದಿಯಪ್ಪನವರು ಊಟ ಬಿಟ್ಟು ಏಳುತ್ತಿದ್ದರು, ಹಾಗಾಗಿ ಆಕೆಯೂ ವಾಯುವಿಗೇ ಕಷಾಯ ಕೊಡುತ್ತಿದ್ದಳು.

ಹವಾ ಬದಲಾದರೆ ನಿದ್ದೆ ಬರುತ್ತದೆಂದು ಮಗಳೇ ಬೆಟ್ಟದ ಮೇಲಿನ ಊರಲ್ಲಿ ಒಂದು ಪುಟ್ಟ ಹೋಟೆಲು ಗೊತ್ತುಮಾಡಿದಳು. ಗಾದಿಯಪ್ಪನವರು ತಪ್ಪು ಹುಡುಕಲು ಸಜ್ಜಾಗಿಯೇ ಹತ್ತಿದರು. ನಲ್ಲಿಯಲ್ಲಿ ಬಿಸಿನೀರು ತಡಮಾಡದೆ ಬಂತು. ಕಿಟಕಿ ತೆರೆದರೆ ಎದುರಿಗೇ ಬೆಟ್ಟ. ಹೋಟೆಲಿನ ಒಡತಿ ಕೇಳುವ ಮೊದಲೇ ಇನ್ನೊಂದು ಕಂಬಳಿ ತಂದಿಟ್ಟಳು. ಎಲ್ಲ ಕಡೆ ಸೋತು ಅವರು ಹಾಸಿಗೆಗೆ ಹೆಬ್ಬೆರಳಿಟ್ಟರು.

"ರೀ, ಇಲ್ಲೂ ಶುರು ಮಾಡ್ಬೇಡಿ," ಎಂದಳು ಹೆಂಡತಿ.

"ಹತ್ತಿ ಕಣೇ! ಈ ಕಾಲದಲ್ಲಿ ಹತ್ತಿ! ಬೆಳಗಾಗೋದ್ರೊಳಗೆ ಸೊಂಟ ಮುರೀತು ಅಂತ ತಿಳ್ಕೊ," ಎಂದು ಬೈಯುತ್ತ ಮಲಗಿದವರು ಎದ್ದದ್ದು ಮುಖದ ಮೇಲೆ ಬಿಸಿಲು ಬಿದ್ದಾಗ. ಮರುದಿನವೂ ಅದೇ ಕತೆ. ಹೆಂಡತಿಗೆ ಸಂತೋಷವೋ ಸಂತೋಷ. ಗಾದಿಯಪ್ಪನವರಿಗೆ ಮಾತ್ರ ಮೈಯೆಲ್ಲ ಉರಿ. ಯಾವನೋ ಮಾಡಿದ ಹಾಸಿಗೆ ತಮ್ಮನ್ನು ಮಗುವಿನ ಹಾಗೆ ಮಲಗಿಸುವುದೆಂದರೇನು?

ಆಕೆ ಸ್ನಾನಕ್ಕೆ ಹೋದದ್ದೇ ತಡ, ಚಾದರ ಎಳೆದು ಹಾಸಿಗೆಯನ್ನು ಮಗುಚಿದರು. ಅಂಚಿನ ಹೊಲಿಗೆಯ ಮೇಲೆ ಹೆಬ್ಬೆರಳಾಡಿಸಿ ನೋಡಿದರು. ಹೊಲಿಗೆಯೆಲ್ಲ ಎಡಕ್ಕೆ ವಾಲಿತ್ತು. ಹಾಗೆ ಹೊಲಿಯುವವರಲ್ಲಿ ಅವರಿಗೆ ಗೊತ್ತಿದ್ದವನು ಒಬ್ಬನೇ, ಅಪ್ಪ ಎಷ್ಟು ಗದರಿದರೂ ಸೂಜಿಯನ್ನು ಬಲಗೈಗೆ ಬದಲಿಸದ ತಮ್ಮ. ಮನೆಮಂದಿಗೆಲ್ಲ ಎಡಚ. ಅಂಗಡಿಗೆ ಸ್ಪ್ರಿಂಗ್ ಹಾಸಿಗೆ ಬಂದಾಗ, "ಅಣ್ಣಾ, ಹತ್ತಿ ಬಿಡೋದು ಬೇಡ," ಎಂದಿದ್ದ. "ನಿನ್ನ ಹಾಸಿಗೆ ನಾಯಿ ಮಲಗೋಕೂ ಲಾಯಕ್ಕಿಲ್ಲ," ಎಂದು ಗಿರಾಕಿಗಳ ಎದುರಿಗೇ ಹೇಳಿದವರು ಇದೇ ಗಾದಿಯಪ್ಪನವರು. ಅವನು ಸೂಜಿ ಜೇಬಿಗಿಟ್ಟು ಇಳಿದುಹೋದವನು ಮತ್ತೆ ಮೆಟ್ಟಿಲು ಹತ್ತಿರಲಿಲ್ಲ.

ಬೇರೆ ಯಾರಾದರೂ ಆಗಿದ್ದರೆ ತಮ್ಮನಿಗೆ ಫೋನು ಮಾಡುತ್ತಿದ್ದರು. ಗಾದಿಯಪ್ಪನವರು ಒಡತಿಯ ಹತ್ತಿರ ಹೋದರು.

"ನೋಡಮ್ಮಾ, ಈ ಹಾಸಿಗೆ ಬೆನ್ನಿಗೆ ವಿಷ. ನಿಮಗೆ ಎರಡು ಸ್ಪ್ರಿಂಗ್ ಹಾಸಿಗೆ ಪುಕ್ಕಟೆ ಕಳಿಸ್ತೀನಿ. ಇದನ್ನ ನಾನೇ ತಗೊಂಡು ಹೋಗಿ ಎಸೀತೀನಿ."

"ಎಸೆಯೋಕೆ ಅಷ್ಟು ದೂರ ಯಾಕೆ ಸಾರ್?" ಎಂದಳು ಆಕೆ. ಆದರೂ ಒಂದಕ್ಕೆ ಎರಡು ಬರುವಾಗ ಬೇಡವೆನ್ನಲಿಲ್ಲ.

ಹಾಸಿಗೆ ಕಾರಿನ ತಲೆಯೇರಿ ಬೆಟ್ಟ ಇಳಿಯಿತು. ಅರ್ಧ ದಾರಿಯಲ್ಲಿ ಹೆಂಡತಿ, "ಮೈದುನನಿಗೆ ಒಂದು ಮಾತು ಹೇಳಿದ್ರೆ ಹೊಸದೇ ಹೊಲಿದುಕೊಡ್ತಿದ್ದ," ಎಂದಳು.

"ಯಾರ ಹಾಸಿಗೆ ಅಂತ ನಿಂಗ್ಯಾರು ಹೇಳಿದ್ದು?"

"ಮೊದಲ ದಿನ ಚಾದರ ಸರಿಮಾಡುವಾಗಲೇ ನೋಡಿದೆ. ನಿದ್ದೆ ಮಾಡ್ತಿದ್ರಲ್ಲ, ಸುಮ್ಮನಿದ್ದೆ."

ಮನೆಗೆ ಬಂದು ಅದೇ ಹಾಸಿಗೆ ಹಾಸಿ ಮಲಗಿದರೆ ನಿದ್ದೆ ಹತ್ತಿರ ಸುಳಿಯಲಿಲ್ಲ. ಯಾರದೆಂದು ತಿಳಿಯದೆ ಮಲಗಿದಾಗ ಬಂದ ನಿದ್ದೆ, ತಿಳಿದು ಮಲಗಿದಾಗ ಕೈಕೊಟ್ಟಿತು. ದಾರಿಯ ಕುಲುಕಾಟಕ್ಕೆ ಹತ್ತಿ ಸರಿದಿದೆ ಎಂದು ಗಾದಿಯಪ್ಪನವರು ತೀರ್ಮಾನಿಸಿ, ಬೆಳಗ್ಗೆ ಕತ್ತರಿ ಹಿಡಿದು ಅಂಚು ಬಿಚ್ಚಿ, ಹತ್ತಿ ಹಿಂಜಿ, ಮತ್ತೆ ತುಂಬಿದರು. ಒಂದು ಕಡೆ ಗುಡ್ಡ, ಇನ್ನೊಂದು ಕಡೆ ಹಳ್ಳ. ತೆಗೆದರು, ತುಂಬಿದರು. ಮಧ್ಯಾಹ್ನದ ಹೊತ್ತಿಗೆ ಮೀಸೆಯಲ್ಲೂ ಹತ್ತಿ. ಅಪ್ಪ ಕಲಿಸಿದ ಕೆಲಸ ಕೈಬಿಟ್ಟು ಎಂದೋ ಹೋಗಿದೆ ಎಂದು ಗೊತ್ತಾಗಿ ಅವರಿಗೆ ಅಳು ಬಂತು.

ಹೆಂಡತಿ ನಂಬರು ಒತ್ತಿ ಫೋನನ್ನು ಅವರ ಕಿವಿಗೆ ಹಿಡಿದಳು.

"ಎಡಚಾ," ಎಂದರು ಗಾದಿಯಪ್ಪನವರು. "ನಿನ್ನ ಹಾಸಿಗೆ ಒಂದು... ಬಿಚ್ಚಿಬಿಟ್ಟೆ ಕಣೋ. ಮತ್ತೆ ತುಂಬೋಕೆ ಬರ್ತಿಲ್ಲ."

ಆ ಕಡೆಯಿಂದ, "ಎಲ್ಲಿಂದ ಬಿಚ್ಚಿದೆ? ಅಂಚಿಂದಾನಾ?"

"ಹೂಂ."

"ಅಂಚಿಂದ ಯಾರಾದ್ರೂ ಬಿಚ್ತಾರಾ ಅಣ್ಣಾ? ಇನ್ನು ಮುಟ್ಟಬೇಡ. ನಾಳೆ ಬರ್ತೀನಿ."

ಹೆಂಡತಿ ಒಳಗೆ ಹೋಗಿ ಕಾಫಿ ಮಾಡಿ ತರುವಷ್ಟರಲ್ಲಿ, ಊರಿಗೆಲ್ಲ ಹಾಸಿಗೆ ಮಾರುವ ಗಾದಿಯಪ್ಪನವರು ಬರೀ ನೆಲದ ಮೇಲೆ, ಹತ್ತಿಯ ರಾಶಿಯ ಪಕ್ಕದಲ್ಲಿ, ಬಾಯಿ ತೆರೆದು ಗೊರಕೆ ಹೊಡೆಯುತ್ತಿದ್ದರು. ಆಕೆ ಎಬ್ಬಿಸಲಿಲ್ಲ. ಪಕ್ಕದಲ್ಲೇ ಕುಳಿತು ಕಾಫಿಯನ್ನು ತಾನೇ ಕುಡಿದಳು.