ತೊಂಬತ್ತೇಳನೇ ಪುಟ

ತಿಂಗಳ ಮೊದಲ ಭಾನುವಾರ ಅಂಕೋಲೆಯ ಓದುಗರ ಕೂಟಕ್ಕೆ ಹೊರಡುವ ಮುಂಚೆ ಮಂಜಗುಣಿಯ ಕಮಲಿ ವೆಂಕಟರಮಣನ ಪಟಕ್ಕೆ ಕೈ ಮುಗಿದಳು. ಏನನ್ನೂ ಬೇಡಿಕೊಳ್ಳಲಿಲ್ಲ. ಸಿಟ್ಟು ತುಂಬಿದ ಬಾಯಿಂದ ದೇವರ ಹತ್ತಿರ ಕೇಳುವುದು ಅವಳಿಗೆ ಸರಿ ಕಾಣಲಿಲ್ಲ. ಪಟದ ಪಕ್ಕದಲ್ಲಿಟ್ಟಿದ್ದ ಪುಸ್ತಕವನ್ನು ಚೀಲಕ್ಕೆ ಹಾಕಿಕೊಂಡು ಬಸ್ಸು ಹತ್ತಿದಳು.

ಕೂಟದ ಪದ್ಧತಿ ಹೀಗಿತ್ತು. ಒಬ್ಬರು ತಮಗೆ ಹಿಡಿಸಿದ ಪುಸ್ತಕ ತಂದು ಕೊಡಬೇಕು. ಅದು ತಿಂಗಳಿಗೊಂದು ಮನೆಯಂತೆ ತಿರುಗಬೇಕು. ಓದಿದವರು ಹಿಂದಿನ ರಟ್ಟಿಗೆ ಅಂಟಿಸಿದ ಹಾಳೆಯಲ್ಲಿ ಒಂದು ಮಾತು ಬರೆದು ಸಹಿ ಹಾಕಬೇಕು. ಹಾಳೆಯ ನೆತ್ತಿಯಲ್ಲಿ ದುಂಡಗೆ ‘ಶ್ರೀ’ ಬರೆಯುವವರು ಕೂಟದ ಹಿರಿಯರು, ಕಾಲೇಜಿನಲ್ಲಿ ಪಾಠ ಹೇಳಿ ನಿವೃತ್ತರಾದ ಅನಂತಪದ್ಮನಾಭ ಹೆಗಡೆಯವರು. ಕಮಲಿಯ ಪಾಳಿ ಯಾವಾಗಲೂ ಕೊನೆಗೆ. “ಗದ್ದೆ ಕೆಲಸದ ಕೈ ಅಲ್ದಾ, ಪುಸ್ತಕ ಮಣ್ಣಾಗ್ತು, ತಪ್ಪು ತಿಳೀಬೇಡ” ಎಂದು ಅವರು ನಗುನಗುತ್ತಲೇ ಹೇಳಿದ್ದರು. ಕಮಲಿ ತಪ್ಪು ತಿಳಿಯಲಿಲ್ಲ. ಸರಿಯಾಗಿಯೇ ತಿಳಿದುಕೊಂಡು, ಏಳು ತಿಂಗಳು ಕಾದಿದ್ದಳು.

ಪುಸ್ತಕ ಕೈಗೆ ಬಂದ ಮೇಲೆ ಅವಳು ಒಬ್ಬಳೇ ಓದಲಿಲ್ಲ. ಶೇಂಗಾ ಗದ್ದೆಯಲ್ಲಿ ಕಳೆ ತೆಗೆಯುವ ಹೆಂಗಸರು ಮಧ್ಯಾಹ್ನ ಗಂಜಿ ಉಂಡು ಗೇರುಮರದ ನೆರಳಿಗೆ ಕೂತಾಗ, ಕೈ ತೊಳೆದು, ಪುಸ್ತಕ ಕಣ್ಣಿಗೊತ್ತಿಕೊಂಡು ಗಟ್ಟಿಯಾಗಿ ಓದಿದಳು. ಹೊಳೆ ದಾಟಿಸುವ ದೋಣಿಯವನ ಹೆಂಡತಿ ತುಳಸಿಯ ಕಾದಂಬರಿ ಅದು. ಗಂಡ ಊರಲ್ಲಿಲ್ಲ, ಮಗಳಿಗೆ ಜ್ವರ ನೆತ್ತಿಗೇರಿದೆ, ಹೊಳೆ ತುಂಬಿದೆ. ಆಚೆ ದಡದ ವೈದ್ಯರನ್ನು ಕರೆತರಲು ತುಳಸಿ ಒಬ್ಬಳೇ ದೋಣಿ ನೂಕುತ್ತಾಳೆ. ತೊಂಬತ್ತಾರನೇ ಪುಟ ಅಲ್ಲಿಗೆ ಮುಗಿಯಿತು. ಕಮಲಿ ಹಾಳೆ ಮಗುಚಿದಳು. ತುಳಸಿ ಮತ್ತೆ ಮನೆಯ ಅಂಗಳ ಗುಡಿಸುತ್ತಿದ್ದಳು, ಮಗಳಿಗೆ ಇನ್ನೂ ಜ್ವರವೇ ಬಂದಿರಲಿಲ್ಲ.

“ಇದು ನಿನ್ನೆ ಓದಿದ್ದಲ್ವೇ?” ಎಂದಳು ಒಬ್ಬಳು.

“ಸುಮ್ನಿರೇ” ಎಂದಳು ಹಿರಿಯಳಾದ ಗಂಗೂ. “ಪುರಾಣ ಹೇಳೂರೂ ಹಂಗೇ. ದೊಡ್ಡ ಮಾತು ಬಂದ್ರೆ ಎರಡು ಸಲ ಹೇಳ್ತರು. ಕೈ ಮುಗ್ದು ಕೇಳು.”

ಹದಿನಾರು ಪುಟಗಳನ್ನು ಅವರು ಎರಡನೇ ಸಲ ಭಕ್ತಿಯಿಂದ ಕೇಳಿದರು. ಮತ್ತೆ ತುಳಸಿ ದೋಣಿ ನೂಕಿದಳು. ಮುಂದಿನ ಪುಟ ನೂರಾ ಹದಿಮೂರು. ಅಲ್ಲಿ ಮಗಳು ಕಾರವಾರದ ಚಿಕ್ಕಮ್ಮನ ಮನೆಯಲ್ಲಿ ಬೆಳೆದು ದೊಡ್ಡವಳಾಗಿದ್ದಳು. ಕೊನೆಯ ಪುಟದವರೆಗೂ ಆ ಮನೆಯಲ್ಲಿ ಒಬ್ಬರೂ ತುಳಸಿಯ ಹೆಸರೆತ್ತಲಿಲ್ಲ.

“ದೋಣಿ ದಡಕ್ಕೆ ಹತ್ತಿತೋ ಇಲ್ವೋ?” ಗಂಗೂ ಕೇಳಿದಳು.

“ಅದು ಪುಸ್ತಕದಲ್ಲಿಲ್ಲ ಗಂಗಕ್ಕ.”

“ಹಂಗಾರೆ ಎಂತಾ ಓದ್ದೆ ನೀನು? ಇಷ್ಟು ದಿನ ಅಳ್ಸಿದ್ಯಲ್ಲ, ಉತ್ತರ ಹೇಳು!”

ಆ ಮಾತು ಎದೆಗೆ ನಾಟಿತು. ಕಮಲಿ ಹಿಂದಿನ ರಟ್ಟಿನ ಹಾಳೆಯನ್ನು ಮತ್ತೊಮ್ಮೆ ತೆರೆದಳು. ಶ್ರೀಕಾರದ ಕೆಳಗೆ ಏಳು ಸಹಿಗಳಿದ್ದವು. ‘ಒಂದೇ ಉಸಿರಿಗೆ ಓದಿಸಿಕೊಂಡಿತು.’ ‘ನಡುವಿನ ಭಾಗದಲ್ಲಿ ಕಣ್ಣು ತುಂಬಿತು.’ ಎರಡನೆಯದು ಅವಳಿಗೆ ಅಕ್ಷರ ಕಲಿಸಿದ ದೇವಕಿ ಅಕ್ಕೋರದ್ದು. ಅವಳನ್ನು ಕೈ ಹಿಡಿದು ಕೂಟಕ್ಕೆ ಸೇರಿಸಿದವರೂ ಅವರೇ.

ಆ ಭಾನುವಾರ ಅಂಕೋಲೆಯ ಮಹಡಿಯ ಕೋಣೆಗೆ ಕೂಟದವರೆಲ್ಲ ಬಂದಿದ್ದರು. ಕಮಲಿ ಕೂರದೆಯೇ ಹೇಳಿದಳು: “ಇದ್ರಲ್ಲಿ ಹದಿನಾರು ಪುಟ ಇಲ್ಲ.”

ಹೆಗಡೆಯವರು ಕನ್ನಡಕ ಏರಿಸಿದರು. “ಗದ್ದೆಗೆ ತಕಂಡು ಹೋಗಿದ್ಯಂತೆ. ಬಿದ್ದು ಹೋಯ್ದೇನ. ನಾ ಓದುವಾಗ ಇತ್ತು.”

“ನಾನು ಓದುವಾಗಲೂ ಇತ್ತು” ಎಂದ ಕಾರವಾರದಿಂದ ಬರುವ ಗಜಾನನ. ಅವನು ಕಚೇರಿಯಲ್ಲಿ ಗುಮಾಸ್ತ. ಉಳಿದವರೂ ತಲೆ ಆಡಿಸಿದರು.

ಕಮಲಿಯ ಕಿವಿ ಬಿಸಿಯಾಯಿತು. ತಾನು ಪುಸ್ತಕ ಹರಿದವಳು! ಮುಂದಿನ ಪುಸ್ತಕ ತನಗೆ ಬರುವುದೇ ಇಲ್ಲ, ಬಂದರೂ ಕಳ್ಳಿಯ ಕೈಗೆ ಕೊಟ್ಟಂತೆ ಕೊಡುತ್ತಾರೆ. ಆದರೆ ದನಿ ಏರಿಸಲಿಲ್ಲ.

“ಇತ್ತಾ? ಒಳ್ಳೇದಾಯ್ತು. ಗದ್ದೇಲಿ ಆರು ಜನ ಕಾಯ್ತಾ ಇದ್ರು. ತುಳಸಿ ದೋಣಿ ಎಂತಾಯ್ತು, ಹೇಳಿ ಹೆಗಡೇರೆ.”

“ಎಂತಾಪ್ಪುದು? ದಡ ಮುಟ್ಟಿದಳು. ಧೈರ್ಯವಂತೆ.”

“ಅಲ್ಲ, ಮುಳುಗಿದಳಲ್ವಾ?” ಎಂದ ಗಜಾನನ, ಬಾಯಿ ತಪ್ಪಿ.

ಯಾರೋ ಕಿಸಕ್ಕೆಂದರು, ಆಮೇಲೆ ಯಾರೂ ನಗಲಿಲ್ಲ. ಕಮಲಿ ಪುಸ್ತಕವನ್ನು ಮೇಜಿನ ಮೇಲೆ ಬಿಚ್ಚಿಟ್ಟಳು. “ನೋಡಿ. ಹೊಲಿಗೆ ಗಟ್ಟಿ ಅದೆ. ಒಂದು ಹಾಳೆ ಹರ್ದಿಲ್ಲ. ಎಂಬತ್ತೊಂದ್ರಿಂದ ತೊಂಬತ್ತಾರು ಎರಡು ಸಲ ಅದೆ, ತೊಂಬತ್ತೇಳ್ರಿಂದ ನೂರಾ ಹನ್ನೆರಡು ಇಲ್ವೇ ಇಲ್ಲ. ಛಾಪಖಾನೇಲೇ ಆದ ತಪ್ಪು. ಏಳು ಮನೆ ತಿರುಗ್ತು, ಒಬ್ಬರಿಗೂ ಕಾಣ್ಲಿಲ್ವಾ?”

ಪುಸ್ತಕ ಕೈಯಿಂದ ಕೈಗೆ ಹೋಯಿತು. ಆ ದಿನ ಅದನ್ನು ಎಲ್ಲರೂ ಬಹಳ ಗಮನವಿಟ್ಟು ನೋಡಿದರು.

“ಹೋಗ್ಲಿ ಬಿಡೇ ತಂಗಿ” ದೇವಕಿ ಅಕ್ಕೋರು ಅವಳ ತೋಳು ಮುಟ್ಟಿದರು. “ದೊಡ್ಡವರ ಮುಂದೆ ಇಷ್ಟು ಸಿಟ್ಟು ಬೇಡ.”

“ನಿಮ್ಮ ಮೇಲೇ ಸಿಟ್ಟು ಅಕ್ಕೋರೆ! ಓದ್ಲಿಲ್ಲ ಅಂದಿದ್ರೆ ನಾ ಎಂತಾ ಹೇಳ್ತಿದ್ದೆ? ನಂಗೂ ಎಷ್ಟೋ ಪುಸ್ತಕ ಮುಗೂದಿಲ್ಲ. ಶ್ರೀಕಾರದ ಬುಡದಲ್ಲಿ ಕಣ್ಣು ತುಂಬಿತು ಅಂತ ಬರೆದ್ರಿ. ಯಾವ ಪುಟಕ್ಕೆ ತುಂಬ್ತು? ನೀವು ಬರೆದದ್ದು ಅಂತ ನಾ ಗಂಗಕ್ಕಂಗೆ ಮೊದ್ಲೇ ಓದಿ ಹೇಳಿದ್ದೆ.”

ಅಕ್ಕೋರ ಕೈ ತೋಳಿನಿಂದ ಜಾರಿತು. “ಮೂವತ್ತು ಪುಟಕ್ಕೇ ನಿಲ್ಸಿದ್ದೆ” ಎಂದರು, ನೆಲ ನೋಡುತ್ತ.

ಹೆಗಡೆಯವರು ಪುಸ್ತಕ ಮುಚ್ಚಿ ಅವಳ ಕಡೆ ನೂಕಿದರು. “ಬೇರೆ ಪ್ರತಿ ತರಿಸ್ವ. ನೀನು ಸಹಿ ಹಾಕು, ಪುಸ್ತಕ ಮುಗೀತು ಅಂತ ಬರಕೊಂಡರಾತು. ಈ ಮಾತು ಹೊರಗೆ ಬೇಡ.”

“ಓದದ್ದಕ್ಕೆ ಸಹಿ ಹಾಕೂಕೆ ನಂಗೆ ಬರೂದಿಲ್ಲ. ಅಕ್ಕೋರೆ, ಫೋನ್ ಕೊಡಿ.”

ಪ್ರಕಾಶಕರ ನಂಬರು ಎರಡನೇ ಪುಟದಲ್ಲಿತ್ತು. ಕಮಲಿ ಒತ್ತಿದಳು. ರಿಂಗಾಗಿ ರಿಂಗಾಗಿ ನಿಂತಿತು.

“ಭಾನುವಾರ ಯಾರು ಇರ್ತರು ಮಾರಾಯ್ತಿ?” ಎಂದರು ಹೆಗಡೆಯವರು.

ಮತ್ತೆ ಒತ್ತಿದಳು. ನಾಲ್ಕನೇ ಸಲಕ್ಕೆ ಗೊಗ್ಗರು ದನಿಯೊಂದು ಎತ್ತಿಕೊಂಡು, ಇವತ್ತು ರಜಾ, ತಾನು ಬರೀ ಕಾವಲಿನವನು, ನಾಳೆ ಮಾಡಿ ಎಂದಿತು.

“ನಿಮಗೆ ಓದೂಕೆ ಬರ್ತದಾ ಅಣ್ಣಾ?” ಕಮಲಿ ಕೇಳಿದಳು.

“ಬರ್ತದಮ್ಮ. ಯಾಕೆ?”

“ರಜಾ ಇದ್ರೂ ಪುಸ್ತಕ ಒಳಗೇ ಅದೆ ಅಲ್ವಾ. ಹೆಸ್ರು ಹೇಳ್ತೆ, ಒಂದು ತಕಂಡು ಬನ್ನಿ. ಅವಸರ ಇಲ್ಲ, ನಾ ಇಡೂದಿಲ್ಲ.” ಅವಳು ಫೋನಿನ ದನಿಯನ್ನು ಕೋಣೆಗೆಲ್ಲ ಕೇಳುವಂತೆ ಮಾಡಿ ಮೇಜಿನ ಮೇಲಿಟ್ಟಳು. ಬಾಗಿಲ ಕಡೆ ಹೊರಟ ಗಜಾನನನನ್ನು ನೋಡಿ, “ಎಲ್ಲಿಗೆ? ಕೂತ್ಕಳಿ” ಎಂದಳು.

ಅವನು ಕೂತ. ಅತ್ತ ಕಪಾಟು ತೆರೆದ ಸದ್ದಾಯಿತು.

“ಸಿಕ್ತಮ್ಮ. ಯಾವ ಪುಟ?”