ಅರವತ್ತು ಸೆಂಟಿಮೀಟರಿನ ಸುರಂಗ

ಬೀರು ಮೇಸ್ತ್ರಿ ಸ್ಕ್ಯಾನಿಂಗ್ ಕೋಣೆಯಿಂದ ಓಡಿಹೋದ ಸುದ್ದಿ ಮನೆ ಮುಟ್ಟುವುದಕ್ಕೆ ಮೊದಲು ಅವನೇ ಮನೆ ಮುಟ್ಟಿದ್ದ. ಹೆಂಡತಿ ವರ್ಕ್‌ಶಾಪಿನ ಬಾಗಿಲಲ್ಲಿ ಕೂತು ಕುರ್ಚಿಯ ಕಾಲಿಗೆ ಪಾಲಿಶ್ ತಿಕ್ಕುತ್ತಿದ್ದಳು.

"ಇಷ್ಟು ಬೇಗ ಮುಗೀತಾ?"

"ಮಿಷನ್ ಕೆಟ್ಟಿದೆಯಂತೆ ಕಣೇ. ಇನ್ನೊಂದು ದಿನ ಬನ್ನಿ ಅಂದ್ರು."

ಅವಳು ಗಂಡನನ್ನು ಮೇಲಿನಿಂದ ಕೆಳಗೆ ನೋಡಿದಳು. ಮೇಲೆ ಅವನದೇ ಚೌಕುಳಿ ಅಂಗಿ ಇತ್ತು. ಕೆಳಗೆ ಮಾತ್ರ ತಿಳಿನೀಲಿ ಬಣ್ಣದ, ಲಾಡಿ ಕಟ್ಟಿದ, ಮೊಣಕಾಲಿಗಿಂತ ನಾಲ್ಕು ಬೆರಳು ಕೆಳಗೆ ಬಂದು ನಿಂತ ಆಸ್ಪತ್ರೆಯ ಪೈಜಾಮ.

"ಮಿಷನ್ ಕೆಟ್ರೆ ನಿಮ್ಮ ಪ್ಯಾಂಟ್ ಯಾಕ್ರೀ ಅಲ್ಲೇ ಉಳೀತು?"

ಮೇಸ್ತ್ರಿ ಆಗ ತನ್ನ ಕಾಲು ನೋಡಿಕೊಂಡ. ಎರಡು ಮುಖ್ಯರಸ್ತೆ, ಒಂದು ಸಂತೆಬೀದಿ ದಾಟಿ ಬಂದಿದ್ದರೂ ಅದು ಅವನ ಗಮನಕ್ಕೇ ಬಂದಿರಲಿಲ್ಲ. ಇನ್ನು ಬಚ್ಚಿಟ್ಟು ಫಲವಿಲ್ಲವೆಂದು ಮರದ ಹೊಟ್ಟಿನ ಚೀಲದ ಮೇಲೆ ಕುಸಿದು ಕೂತು ನಡೆದದ್ದನ್ನು ಹೇಳಿದ. ಮೂರು ತಿಂಗಳಿಂದ ಸೊಂಟ ಹಿಡಿದು ಎಡಗಾಲು ಜೋಮು ಹಿಡಿಯುತ್ತಿತ್ತಲ್ಲ, ಅದಕ್ಕೆ ಡಾಕ್ಟರು ಎಂಆರ್‌ಐ ಬರೆದುಕೊಟ್ಟಿದ್ದರು. ಹಲಗೆಯ ಮೇಲೆ ಮಲಗಿಸಿದ್ದೂ ನೆನಪಿದೆ, ತಲೆ ಆ ತೂತಿನ ಒಳಗೆ ಹೋದದ್ದೂ ನೆನಪಿದೆ. ಆಮೇಲೆ ನೆನಪಿರುವುದು ಬೀದಿ ಮಾತ್ರ.

"ಕಾಲಿಗೆ ಬುದ್ಧಿ ಹೇಳಿಬಿಟ್ಟೆ ಕಣೇ. ಅಂಗಿ ಒಂದು ಕೈಗೆ ಸಿಕ್ತು, ಅದನ್ನ ತಗೊಂಡೆ."

ಅವಳಿಗೆ ನಗು ಒತ್ತಿಬಂದರೂ ಗಂಡ ಅಂಗಿಯ ಗುಂಡಿಗಳನ್ನೆಲ್ಲ ತಪ್ಪು ತೂತಿಗೆ ಹಾಕಿಕೊಂಡಿದ್ದನ್ನು ಕಂಡು ನುಂಗಿಕೊಂಡಳು.

ಮೂವತ್ತು ವರ್ಷದಿಂದ ಅವನು ಬೀರುಗಳನ್ನು ಮಾಡುತ್ತಿದ್ದ. ಒಂದು ಬೀರುವನ್ನು ಒಬ್ಬನೇ ಬೆನ್ನಿಗೆ ಹಾಕಿಕೊಂಡು ನಾಲ್ಕು ಮಹಡಿ ಏರಬಲ್ಲವನೆಂದು ಬೀದಿಗೆಲ್ಲ ಹೆಸರು. ಆದರೆ ಒಳಬದಿಯ ಸ್ಕ್ರೂ ಬಿಗಿಯುವ ಹೊತ್ತಿಗೆ ಮಾತ್ರ ಹೆಂಡತಿಯ ತಮ್ಮನನ್ನು ಕರೆಯುತ್ತಿದ್ದ. "ನೀನು ಸಣ್ಣಗಿದ್ದೀಯ, ನೀನೇ ಒಳಗೆ ಹೋಗು" ಎನ್ನುತ್ತಿದ್ದ. ದೊಡ್ಡ ಮೇಸ್ತ್ರಿಗೆ ಅಷ್ಟು ದೊಡ್ಡಸ್ತಿಕೆ ಇರಬೇಕಾದದ್ದೇ ಎಂದು ಎಲ್ಲರೂ ತಿಳಿದಿದ್ದರು. ಬಚ್ಚಲುಮನೆಗೆ ಹೋದರೆ ಚಿಲಕ ಹಾಕದೆ ಜೋರಾಗಿ ಹಾಡುತ್ತಿದ್ದ. ಅವನಿಗೆ ಸಂಗೀತದ ಹುಚ್ಚು ಎಂದೇ ಮದುವೆಯಾದಾಗಿನಿಂದ ಅವಳು ನಂಬಿದ್ದಳು.

"ಅಂದ್ರೆ ಆ ಹಾಡು..."

"ಒಳಗೆ ಆಳು ಇದ್ದಾನೆ ಅಂತ ಗೊತ್ತಾಗಲಿ ಅಂತ. ಚಿಲಕ ಹಾಕಿದ್ರೆ ನಂಗೆ ಉಸಿರು ಕಟ್ಟುತ್ತೆ."

"ಇಪ್ಪತ್ತಾರು ವರ್ಷ ಆ ಅಪಸ್ವರಾನ ಸಹಿಸಿಕೊಂಡೆ ನಾನು. ಮೊದಲೇ ಹೇಳಿದ್ರೆ ಚಿಲಕಾನೇ ಕಿತ್ತು ಹಾಕ್ತಿದ್ದೆ" ಎಂದಳು ಹೆಂಡತಿ. ಈಗ ಇಬ್ಬರಿಗೂ ನಗು ಬಂದಿತು.

ನಗು ಬಂದಿತೆಂದು ಸೊಂಟ ಬಿಡುತ್ತದೆಯೇ. ಒಳಗಿನ ಚಿತ್ರ ನೋಡದೆ ತಾನು ಏನೂ ಹೇಳುವುದಿಲ್ಲವೆಂದು ಡಾಕ್ಟರು ಖಡಾಖಂಡಿತವಾಗಿ ಅಂದಿದ್ದರು. ಮುಂದಿನ ಗುರುವಾರಕ್ಕೆ ಮತ್ತೆ ಸಮಯ ಗೊತ್ತಾಯಿತು. ನಡುವೆ ಆರು ದಿನ. ಬುದ್ಧಿ ಹೇಳುವವರಿಗೇನೂ ಕೊರತೆಯಿರಲಿಲ್ಲ. ಕಣ್ಣು ಮುಚ್ಚಿಕೊಂಡರೆ ಸಾಕು ಎಂದ ಭಾವಮೈದ. ಪಕ್ಕದ ಗಾಜಿನಂಗಡಿಯವನು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ತನ್ನ ಷಡ್ಡಕ ಒಳಗೆ ಹೋದವನು ಹೊರಗೆ ಬಂದಾಗ ತನ್ನ ಹೆಸರನ್ನೇ ಮರೆತಿದ್ದನೆಂದು ಹೇಳಿ ಹೋದ. ಆ ಷಡ್ಡಕ ಕುಡಿಯುತ್ತಾನೆಂಬುದು ಬೀದಿಗೆಲ್ಲ ಗೊತ್ತಿದ್ದರೂ ಮೇಸ್ತ್ರಿ ಅವತ್ತು ಮೂರು ಹಲಗೆಯನ್ನು ತಪ್ಪು ಅಳತೆಗೆ ಕೊಯ್ದ.

ಮರುದಿನ ಬೆಳಿಗ್ಗೆ ಹೆಂಡತಿ ಪೈಜಾಮವನ್ನು ಒಗೆದು ಮಡಿಸಿ ಚೀಲಕ್ಕೆ ಹಾಕಿ, "ಏಳಿ, ಪ್ಯಾಂಟ್ ತರೋಣ" ಎಂದಳು.

"ನೀನೇ ಹೋಗಿ ತಗೊಂಡು ಬಾ."

"ಓಡಿ ಬಂದವರು ನೀವು. ನಾನ್ಯಾಕೆ ತಲೆ ತಗ್ಗಿಸಲಿ?"

ಸ್ಕ್ಯಾನಿಂಗ್ ವಿಭಾಗದಲ್ಲಿ ಯಂತ್ರ ನಡೆಸುವ ಹುಡುಗಿ ಇದ್ದಳು. ಇಪ್ಪತ್ತೈದರ ಆಸುಪಾಸು, ಕಿವಿಯ ಹಿಂದೆ ಪೆನ್ನು. ಅವಳು ಅಲಮಾರಿಯಿಂದ ಪ್ಯಾಂಟು ತೆಗೆದು, ಜೇಬಿನಲ್ಲಿದ್ದ ಅಳತೆ ಟೇಪು, ಸೀಸದಕಡ್ಡಿ ಎಲ್ಲ ಇದೆಯೇ ನೋಡಿಕೊಳ್ಳಿ ಎಂದು ಕೊಟ್ಟಳು. ಮೇಸ್ತ್ರಿ ನೆಲ ನೋಡುತ್ತ ನಿಂತಿದ್ದ.

"ನಾಚಿಕೆ ಪಟ್ಕೋಬೇಡಿ ಅಂಕಲ್. ವಾರಕ್ಕೆ ಇಬ್ಬರಾದರೂ ಎದ್ದು ಹೋಗ್ತಾರೆ. ಪ್ಯಾಂಟ್ ಬಿಟ್ಟು ಹೋದವರು ನೀವೇ ಮೊದಲು, ಅಷ್ಟೇ." ನಂತರ ಮೆತ್ತಗೆ ಕೇಳಿದಳು, "ನಿಮಗೆ ಯಾವುದು ಕಷ್ಟ ಆಯ್ತು? ಸದ್ದಾ, ಜಾಗ ಚಿಕ್ಕದು ಅಂತಲಾ?"

"ಆ ಕಡೆ ಮುಚ್ಚಿದೆಯಲ್ಲ" ಎಂದ ಅವನು. "ಒಳಗೆ ತಳ್ಳಿ ಬಾಗಿಲು ಹಾಕಿದ ಹಾಗೆ."

"ಮುಚ್ಚಿಲ್ಲ. ಎರಡೂ ಕಡೆ ತೆರೆದಿದೆ. ನೀವು ನೋಡೇ ಇಲ್ಲ."

ಕೋಣೆ ಖಾಲಿಯಿತ್ತು. ಮೈಮೇಲಿನ ಲೋಹವನ್ನೆಲ್ಲ ತೆಗೆಸಿ ಅವನನ್ನು ಬಾಗಿಲವರೆಗೆ ಕರೆದುಕೊಂಡು ಹೋಗಿ ತೋರಿಸಿದಳು. ಹೌದು, ಆ ತುದಿಯಲ್ಲಿ ಬಿಳಿ ಗೋಡೆ, ಗೋಡೆಯ ಮೇಲೆ ಒಂದು ಗಡಿಯಾರ ಕಾಣುತ್ತಿತ್ತು. ಮೇಸ್ತ್ರಿ ತುಂಬ ಹೊತ್ತು ನೋಡಿದ. ಭಯದ ಜಾಗದಲ್ಲಿ ಕಸುಬಿನ ಕುತೂಹಲ ತಲೆ ಎತ್ತುತ್ತಿರುವುದು ಅವನ ಕಣ್ಣಿನಲ್ಲೇ ಹೆಂಡತಿಗೆ ಗೊತ್ತಾಯಿತು.

"ಒಳಗಿನ ಅಗಲ ಎಷ್ಟಮ್ಮ?"

ಹಾಗೆಂದು ಆ ಹುಡುಗಿಯನ್ನು ಇದುವರೆಗೆ ಯಾರೂ ಕೇಳಿರಲಿಲ್ಲ. ಕಂಪ್ಯೂಟರಿನಲ್ಲಿ ಹುಡುಕಿ ಹೇಳಿದಳು. "ಅಡ್ಡಗಲ ಅರವತ್ತು ಸೆಂಟಿಮೀಟರ್. ಉದ್ದ ನೂರ ಎಪ್ಪತ್ತು."

"ಹಲಗೆಯಿಂದ ಮೇಲಕ್ಕೆ?"

"ಅದನ್ನ ನಾನೇ ಅಳೆದು ಹೇಳಬೇಕು" ಎಂದು ಬಟ್ಟೆಯ ಟೇಪು ಹಿಡಿದು ಒಳಗೆ ಹೋದಳು. ನಲವತ್ತೆರಡು. ಮೇಸ್ತ್ರಿ ಅಂಗೈಯಲ್ಲಿ ಬರೆದುಕೊಂಡ.

ಮನೆಗೆ ಬಂದವನೇ ಎಲ್ಲ ಕೆಲಸ ಬದಿಗಿಟ್ಟ. ದಪ್ಪ ಪ್ಲೈವುಡ್ಡಿನಲ್ಲಿ ಬಳೆಯಂಥ ಆರು ದೊಡ್ಡ ಚಕ್ರ ಕೊಯ್ದು ಸಾಲಾಗಿ ನಿಲ್ಲಿಸಿ, ಒಳಮೈಗೆ ಬಗ್ಗುವ ತೆಳು ಹಲಗೆ ಹೊದಿಸಿದ. ಕೆಳಗೆ ಜಾರುವ ಮಣೆ, ಮಣೆಗೆ ನಾಲ್ಕು ಗಾಲಿ. ಹೆಂಡತಿ ಒಳಗೆಲ್ಲ ಬಿಳಿ ಬಣ್ಣ ಬಳಿದಳು. ಎರಡು ದಿನದಲ್ಲಿ ವರ್ಕ್‌ಶಾಪಿನ ನಟ್ಟನಡುವೆ ಮರದ ಎಂಆರ್‌ಐ ನಿಂತಿತು. ಒಂದು ಕೂದಲೆಳೆ ಹೆಚ್ಚಿಲ್ಲ, ಒಂದು ಕೂದಲೆಳೆ ಕಡಿಮೆಯಿಲ್ಲ.

ಮಾಡುವುದೇನೋ ಮಾಡಿದ. ಮಲಗುವ ಹೊತ್ತಿಗೆ ಮಾತ್ರ ಮಣೆಯ ಗಾಲಿಗೆ ಎರಡೆರಡು ಸಲ ಎಣ್ಣೆ ಬಿಟ್ಟ. "ಬಣ್ಣ ಇನ್ನೂ ಒಣಗಿಲ್ಲ" ಎಂದು ನೆಪ ಹೇಳಿದ. ಬಣ್ಣ ಬೆಳಿಗ್ಗೆಯೇ ಒಣಗಿತ್ತು.

ಮೂಲೆಯಲ್ಲಿ ಕೂತು ಇದನ್ನೆಲ್ಲ ನೋಡುತ್ತಿದ್ದ ಅವನ ತಾಯಿ ಎದ್ದು ಬಂದಳು. ವಯಸ್ಸು ಎಂಬತ್ತರ ಹತ್ತಿರ. "ಸರಿ ಅತ್ಲಾಗೆ. ಏನು ಕಟ್ಟಿದ್ದೀಯೋ ನೋಡ್ತೀನಿ" ಎಂದು ಮಣೆಯ ಮೇಲೆ ಅಡ್ಡಾಗಿ ಸೊಸೆಗೆ ಸನ್ನೆ ಮಾಡಿದಳು. ಸೊಸೆ ಒಳಗೆ ತಳ್ಳಿದಳು.

ಒಂದು ನಿಮಿಷ ಕಳೆಯಿತು. ಐದು ನಿಮಿಷ ಕಳೆಯಿತು.

"ಅಮ್ಮಾ, ಹೇಗಿದೆ?"

ಮೇಸ್ತ್ರಿ ಬಗ್ಗಿ ಇಣುಕಿದರೆ ಒಳಗಿಂದ ಸಣ್ಣಗೆ ಗೊರಕೆ ಕೇಳಿತು. ಹೊರಗೆ ಎಳೆದಾಗ ಮುದುಕಿ ಕಣ್ಣು ಬಿಟ್ಟು ರೇಗಿದಳು. "ತಣ್ಣಗೆ, ನಿಶ್ಶಬ್ದವಾಗಿ ಇತ್ತು. ನಿಮ್ಮ ಮಿಷನ್ನುಗಳ ಗಲಾಟೆ ಕೇಳದ ಜಾಗ ಈ ಮನೇಲಿ ಇದೊಂದೇ. ಯಾಕೆ ಎಳೆದ್ರಿ?"

ಸುದ್ದಿ ಬೀದಿಗೆ ಹರಡಿತು. ಸಂಜೆ ಹೊತ್ತಿಗೆ ಗಾಜಿನಂಗಡಿಯವನು ಬಂದು ಮಲಗಿ ಎದ್ದ. ದರ್ಜಿಯ ಹೆಂಡತಿ, ಪೇಪರ್ ಹಾಕುವವನು, ಸೈಕಲ್ ಅಂಗಡಿಯ ಅಣ್ಣತಮ್ಮಂದಿರು ಸಾಲು ನಿಂತರು. ಒಬ್ಬೊಬ್ಬರೂ ಹೊರಗೆ ಬಂದು ಒಂದೊಂದು ಅಭಿಪ್ರಾಯ ಕೊಟ್ಟರು. ದಿಂಬು ಬೇಕಿತ್ತೆಂದ ಒಬ್ಬ. ದರ್ಜಿಯ ಹೆಂಡತಿ, "ಹತ್ತು ನಿಮಿಷ ಯಾರೂ ನನ್ನ ಕರೆಯದೆ ಇದ್ದಿದ್ದು ಇದೇ ಮೊದಲು" ಎಂದು ಇನ್ನೊಮ್ಮೆ ಸಾಲಿಗೆ ನಿಂತಳು. ಊರೆಲ್ಲ ಹೋಗಿ ಬಂದ ಜಾಗಕ್ಕೆ ಕಟ್ಟಿದವನೇ ಹೋಗದಿದ್ದರೆ ಹೇಗೆ. ಎಲ್ಲರೂ ಹೋದ ಮೇಲೆ ಮೇಸ್ತ್ರಿ ಮಣೆಯ ಮೇಲೆ ಕೂತ.

"ಬಾಗಿಲು ಹಾಕಬೇಡ ಕಣೇ."

"ಇದಕ್ಕೆ ಬಾಗಿಲೆಲ್ಲಿದೆ? ನೀವೇ ಇಟ್ಟಿಲ್ಲ."

ಮೊದಲ ಸಲ ಮೂಗಿನವರೆಗೆ ಹೋಗಿ "ಎಳಿ" ಎಂದ. ಎರಡನೆಯ ಸಲ ಎದೆಯವರೆಗೆ. ಮೂರನೆಯ ಸಲ ಹೆಂಡತಿ ಅವನ ಕಾಲಿನ ಹೆಬ್ಬೆರಳು ಹಿಡಿದುಕೊಂಡಳು. ಹಾಗೆ ಹಿಡಿದಾಗ ಅವನಿಗೆ ತಾನು ಎಲ್ಲಿದ್ದೇನೆ, ಹೊರಗೆ ಹೋಗುವ ದಾರಿ ಯಾವ ಕಡೆ ಎಂಬುದು ಮೈಗೇ ತಿಳಿದಂತಾಯಿತು. ಸೊಂಟದವರೆಗೆ ಹೋಗಿ ನೂರು ಎಣಿಸಿದ. ಮರುದಿನ ಮುನ್ನೂರು. ಅದರ ಮರುದಿನ ಭಾವಮೈದ ಸುತ್ತ ನಿಂತು ಡ್ರಿಲ್ಲು, ಗರಗಸ, ಕೊಡತಿ ಎಲ್ಲದರಿಂದ ಸದ್ದು ಮಾಡಿದ. ಆ ಉತ್ಸಾಹ ಅವನಿಗೆ ಕೆಲಸದಲ್ಲಿ ಎಂದೂ ಇರಲಿಲ್ಲ. ಮೇಸ್ತ್ರಿ ಒಳಗಿಂದಲೇ ಗದರಿದ. "ಲೋ, ಆ ಗರಗಸದ ಹಲ್ಲು ಮೊಂಡಾಗಿದೆ. ಕೇಳಿಸಲ್ವಾ ನಿಂಗೆ?"

ಗುರುವಾರ ಬಂತು. ಇಷ್ಟೆಲ್ಲ ಆದಮೇಲೆ ಹೆದರಿಕೆ ಇರುವುದಿಲ್ಲವೆಂದು ಅವನು ಅಂದುಕೊಂಡಿದ್ದ. ಹೆದರಿಕೆ ಮಾತ್ರ ಅವನಿಗಿಂತ ಮೊದಲೇ ಎದ್ದು ಕೂತಿತ್ತು. ಚಹಾದ ಲೋಟ ಹಾಗೇ ಬಿಟ್ಟು ಹೊರಟ. ಆಸ್ಪತ್ರೆಯ ಕುರ್ಚಿಯಲ್ಲಿ ಕೂತಾಗ ಎದೆ ಕೊಡತಿ ಬಡಿದಂತೆ ಬಡಿಯುತ್ತಿತ್ತು.

"ಎದೆ ಹಾಗೇ ಹೊಡ್ಕೊಳ್ಳಲಿ ಬಿಡಿ" ಎಂದಳು ಹೆಂಡತಿ. "ಅದರ ಪಾಡಿಗೆ ಅದು. ನಿಮ್ಮ ಪಾಡಿಗೆ ನೀವು ಮಲಗಿ."

ಜೊತೆಗೆ ಒಳಗೆ ಬರುತ್ತೇನೆಂದ ಹೆಂಡತಿಯ ಬಳೆ, ಓಲೆ, ಪಿನ್ನು ಎಲ್ಲವನ್ನೂ ಹುಡುಗಿ ತೆಗೆಸಿ, ಹತ್ತಾರು ಪ್ರಶ್ನೆ ಕೇಳಿ, ಕಿವಿಗೆ ಹತ್ತಿ ಕೊಟ್ಟು ಒಳಗೆ ಬಿಟ್ಟಳು. ಮೇಸ್ತ್ರಿಯ ಕೈಗೊಂದು ರಬ್ಬರಿನ ಬುಗ್ಗೆ ಕೊಟ್ಟು, "ಯಾವಾಗ ಬೇಡ ಅನಿಸುತ್ತೋ ಇದನ್ನ ಒತ್ತಿ, ತಕ್ಷಣ ಎಳೀತೀನಿ" ಎಂದಳು. ಹಲಗೆ ಒಳಗೆ ಸರಿಯಿತು. ಅರ್ಧ ನಿಮಿಷ ಆಗಿರಲಿಲ್ಲ, ಬುಗ್ಗೆ ಒತ್ತಿದ. ಹಲಗೆ ಹೊರಗೆ ಬಂತು.

"ಏನಾಯ್ತು ಅಂಕಲ್?"

"ಏನಿಲ್ಲಮ್ಮ. ಒತ್ತಿದ್ರೆ ಎಳೀತೀರೋ ಇಲ್ವೋ ನೋಡಿದೆ."

"ಎಳೆದೆನಲ್ಲ."

"ಹೌದು. ಈಗ ತಳ್ಳಿ."

ಈ ಸಲ ಅವನು ಕಣ್ಣು ತೆರೆದೇ ಇದ್ದ. ಹೆಬ್ಬೆರಳು ಹೆಂಡತಿಯ ಮುಷ್ಟಿಯಲ್ಲಿತ್ತು. ಸದ್ದು ಶುರುವಾಯಿತು. ಭಾವಮೈದ ಮಾಡಿದ್ದು ಇದರ ಮುಂದೆ ಜೋಗುಳ. ಬುಗ್ಗೆಯ ಮೇಲೆ ಬೆರಳು ಬಿಗಿಯಾಗುವಷ್ಟರಲ್ಲಿ ಅವನಿಗೆ ಮೇಲೆ ಒಂದು ಗೆರೆ ಕಂಡಿತು. ಒಳಮೈಯ ಎರಡು ತುಂಡು ಕೂಡುವ ಜಾಗ. ಬಲಗಡೆ ಸರಿಯಾಗಿ ಕೂತಿದೆ. ಎಡಕ್ಕೆ ಬರುಬರುತ್ತ ಅರ್ಧ ಮಿಲಿಮೀಟರ್ ಏರಿದೆ. ಇಷ್ಟು ದೊಡ್ಡ ಯಂತ್ರಕ್ಕೆ ಇಂಥ ಜೋಡಣೆಯೇ. ಯಾರು ಕೂರಿಸಿದರೋ. ಎರಡೂ ತುದಿಯನ್ನು ಮೊದಲೇ ಬಿಗಿದುಬಿಟ್ಟಿದ್ದಾರೆ, ನಡುವಿನಿಂದ ಶುರುಮಾಡಬೇಕಿತ್ತು. ಬಿಚ್ಚಿ ಮತ್ತೆ ಕೂರಿಸಲು ಎಷ್ಟು ಹೊತ್ತು ಬೇಕೆಂದು ಲೆಕ್ಕ ಹಾಕುತ್ತಿರುವಾಗ ಹಲಗೆ ತಾನಾಗಿಯೇ ಹೊರಗೆ ಬಂತು.

"ಯಾಕೆ ಎಳೆದ್ರಿ? ನಾನು ಒತ್ತಿಲ್ಲ."

"ಮುಗೀತು ಅಂಕಲ್. ಇಪ್ಪತ್ತೆರಡು ನಿಮಿಷ. ಅಲ್ಲಾಡೇ ಇಲ್ಲ ನೀವು."

ಮೇಸ್ತ್ರಿ ಹೆಂಡತಿಯ ಮುಖ ನೋಡಿದ. ಅವಳು ಹೆಬ್ಬೆರಳನ್ನು ಇನ್ನೂ ಬಿಟ್ಟಿರಲಿಲ್ಲ. ಅವಳ ಕಣ್ಣು ತುಂಬಿತ್ತು, ಬಾಯಿ ನಗುತ್ತಿತ್ತು.

ಬೆನ್ನುಮೂಳೆಯ ನಡುವಿನ ಒಂದು ಬಿಲ್ಲೆ ಸ್ವಲ್ಪ ಸರಿದಿದೆ, ಕತ್ತರಿಯ ಕೆಲಸವಿಲ್ಲ, ವ್ಯಾಯಾಮ ಮಾಡಿದರೆ ಸಾಕು, ಆದರೆ ಇನ್ನು ಬೀರು ಹೊರಬಾರದು ಎಂದರು ಡಾಕ್ಟರು. ಹೊರಗೆ ಬಂದು ಮೇಸ್ತ್ರಿ ಎದುರಿನ ಅಂಗಡಿಯಲ್ಲಿ ನಾಲ್ಕು ಬನ್ನು ತಿಂದ, ಐದನೆಯದಕ್ಕೆ ಕೈ ಚಾಚಿದ. ಹೆಂಡತಿ ಬೇಡವೆನ್ನಲಿಲ್ಲ.

ಮರದ ಯಂತ್ರದ ವಿಷಯ ಕೇಳಿದ ಹುಡುಗಿ, ಹೆದರುವವರ ಅಭ್ಯಾಸಕ್ಕೆ ಅದನ್ನು ಆಸ್ಪತ್ರೆಗೆ ಕೊಡುವಿರಾ ಎಂದು ಫೋನು ಮಾಡಿದಳು. ಮುಂದಿನ ಸೋಮವಾರ ಭಾವಮೈದ ಮತ್ತು ಸೈಕಲ್ ಅಂಗಡಿಯವರು ಅದನ್ನು ತಳ್ಳುಗಾಡಿಯಲ್ಲಿ ಸಾಗಿಸಿದರು. ಮೇಸ್ತ್ರಿ ಬರಿಗೈಯಲ್ಲಿ ಹಿಂದೆ ನಡೆಯುತ್ತ, ಆ ಮೂಲೆ ನೋಡು, ಈ ಮೂಲೆ ನೋಡು ಎಂದು ಎಲ್ಲರ ಪ್ರಾಣ ತಿಂದ. ಕಾಯುವ ಕೋಣೆಯ ಪಕ್ಕದ ಮೊಗಸಾಲೆಯಲ್ಲಿ ಅದನ್ನು ಇಳಿಸಿದಾಗ ಊಟದ ಹೊತ್ತು. ಹುಡುಗಿ ಸುತ್ತ ಒಂದು ಬಾರಿ ನೋಡಿ, ಚಪ್ಪಲಿ ಬಿಟ್ಟು ತಾನೇ ಮಣೆಯ ಮೇಲೆ ಮಲಗಿದಳು. ಸಾವಿರಾರು ಜನರನ್ನು ಒಳಗೆ ಕಳಿಸಿದವಳು ತಾನು ಒಮ್ಮೆಯೂ ಹೋಗಿರಲಿಲ್ಲವಂತೆ. ಮೇಸ್ತ್ರಿ ನಿಧಾನವಾಗಿ ತಳ್ಳಿದ.

ಆಮೇಲೆ ಒಳಗಿನಿಂದ ದನಿ ಬಂತು.

"ಅಂಕಲ್, ಇದು ಮುಖಕ್ಕೆ ಇಷ್ಟು ಹತ್ತಿರ ಇರುತ್ತಾ? ನಾನು ದಿನಾ ಎಲ್ಲರಿಗೂ 'ಏನೂ ಆಗಲ್ಲ, ಸುಮ್ಮನೆ ಮಲಗಿ' ಅಂತಿದ್ದೆ."

"ಇನ್ಮೇಲೆ ಏನಂತೀರಿ?"

ಅವಳು ಯೋಚಿಸಿದಳು. "ತುಂಬ ಹತ್ತಿರ ಇರುತ್ತೆ, ಆದ್ರೆ ತಾಗಲ್ಲ ಅಂತೀನಿ. ಎಳೀಬೇಡಿ, ಐದು ನಿಮಿಷ ಇರ್ತೀನಿ."

ಮೇಸ್ತ್ರಿ ಒಂದು ಸ್ಟೂಲು ಎಳೆದು ಅವಳ ಕಾಲ ಬಳಿ ಕೂತುಕೊಂಡ.