ತಿರುಗದ ಗುಂಡಿ

ತಿರುಗಿತೇ? ಅಥವಾ ತನ್ನ ಬೆರಳೇ ತಗಲಿ ತಿರುಗಿದಂತೆ ಕಂಡಿತೇ?

ಒಂಬತ್ತನೆಯ ಸಲ ಲಿವರ್ ಎಳೆದಾಗ ಅವನಿಗೆ ಈ ಅನುಮಾನ ಹುಟ್ಟಿತು. ಈ ಹಳೆಯ ಕ್ಯಾಮೆರಾದಲ್ಲಿ ಬಲಗಡೆಯ ಲಿವರ್ ಎಳೆದರೆ ಎಡಗಡೆಯ ಪುಟ್ಟ ಗುಂಡಿ ತಾನಾಗಿ ತಿರುಗಬೇಕು. ತಿರುಗಿದರೆ ಒಳಗೆ ರೀಲು ಸರಿಯುತ್ತಿದೆ ಎಂದರ್ಥ. ತಿರುಗದಿದ್ದರೆ ರೀಲಿನ ತುದಿ ಒಳಗಿನ ಚಕ್ರದ ಹಲ್ಲಿಗೆ ಸಿಕ್ಕಿಲ್ಲ. ಎಷ್ಟು ಕ್ಲಿಕ್ಕಿಸಿದರೂ ಬರೀ ಸದ್ದು. ಮೂರು ವರ್ಷಗಳ ಹಿಂದೆ ಈ ಹುಚ್ಚು ಹತ್ತಿದಾಗ ಕ್ಯಾಮೆರಾ ರಿಪೇರಿಯ ಮುದುಕರು ಕಲಿಸಿದ ಮೊದಲ ಪಾಠ ಅದು. ಅಂದಿನಿಂದ ಪ್ರತಿ ಸಲವೂ ಮೊದಲು ಆ ಗುಂಡಿಯನ್ನೇ ನೋಡುತ್ತಿದ್ದವನು ಇವತ್ತು ನೋಡಿರಲಿಲ್ಲ.

ಎದುರಿಗೆ ಸೋಫಾದ ಒಂದು ತುದಿಯಲ್ಲಿ ಅಪ್ಪ, ಇನ್ನೊಂದು ತುದಿಯಲ್ಲಿ ದೊಡ್ಡಪ್ಪ. ನಡುವೆ ಮತ್ತೊಬ್ಬರು ಆರಾಮಾಗಿ ಕೂರುವಷ್ಟು ಜಾಗ. ಇಬ್ಬರೂ ಒಂದೇ ಕೋಣೆಯಲ್ಲಿ ಕೂತು ಹತ್ತೊಂಬತ್ತು ವರ್ಷವಾಗಿತ್ತು.

ಒಂದು ಕಾಲದಲ್ಲಿ ಇಬ್ಬರೂ ಸೇರಿ ಸಣ್ಣ ಪ್ರೆಸ್ಸು ನಡೆಸುತ್ತಿದ್ದರು. ಅಪ್ಪ ಅಚ್ಚಿನ ಮೊಳೆ ಜೋಡಿಸುವುದು, ದೊಡ್ಡಪ್ಪ ಪ್ರೂಫ್ ತಿದ್ದುವುದು. ಅಜ್ಜ ತೀರಿಕೊಂಡಾಗ ಅಲ್ಲೇ ಅಚ್ಚಾದ ಕಾರ್ಡಿನಲ್ಲಿ ಮಕ್ಕಳ ಹೆಸರಿನ ಸಾಲಿನಿಂದ ಹಿರಿಯ ಮಗನ ಹೆಸರೇ ಬಿಟ್ಟುಹೋಗಿತ್ತು. ಗೊತ್ತಾಗುವ ಹೊತ್ತಿಗೆ ಕಾರ್ಡು ಊರೆಲ್ಲ ಹಂಚಿಯಾಗಿತ್ತು. ಬೇಕೆಂದೇ ಬಿಟ್ಟ ಎಂದರು ದೊಡ್ಡಪ್ಪ. ಪ್ರೂಫಿಗೆ ಸಹಿ ಹಾಕಿದ್ದು ಯಾರು ಎಂದರು ಅಪ್ಪ. ಅಲ್ಲಿಗೆ ಮಾತು ನಿಂತಿತು, ಕೆಲವು ತಿಂಗಳಲ್ಲಿ ಪ್ರೆಸ್ಸೂ ನಿಂತಿತು. ಆಮೇಲೆ ಅಪ್ಪ ‘ಅಣ್ಣ’ ಎಂದದ್ದನ್ನು ಅವನು ಕೇಳಿರಲಿಲ್ಲ. ಹೇಳಲೇಬೇಕಾದಾಗ ‘ಅವರು’ ಎನ್ನುತ್ತಿದ್ದರು.

ನಾಳೆ ದೊಡ್ಡಪ್ಪ ಊರು ಬಿಟ್ಟು ದೂರದ ಮಗಳ ಮನೆ ಸೇರುವವರಿದ್ದರು. ಇಬ್ಬರಿಗೂ ತಂಗಿಯಾದ ಅತ್ತೆ ಒಂದು ತಿಂಗಳು ಎರಡೂ ಮನೆಗಳ ನಡುವೆ ಚಪ್ಪಲಿ ಸವೆಸಿ ಇಷ್ಟಕ್ಕೆ ಒಪ್ಪಿಸಿದ್ದರು: ಮಾತಾಡುವುದೇನೂ ಬೇಡ, ಅಜ್ಜನ ಈ ಕ್ಯಾಮೆರಾದ ಮುಂದೆ ಒಟ್ಟಿಗೆ ಕೂತರೆ ಸಾಕು.

ಅದಕ್ಕಾಗಿ ಅವನು ಒಂದು ವಾರ ರೀಲು ಆರಿಸಿದ್ದ. ಫ್ರಿಜ್ಜಿನಲ್ಲಿ ಹಾಲಿನ ಪಾತ್ರೆಯ ಹಿಂದೆ ಮೂರು ಬಗೆಯವು ಇದ್ದವು. ಡಬ್ಬಿಯ ಮೇಲೆ ನೂರು ಎಂದಿದ್ದದ್ದರ ಚಿತ್ರ ನುಣುಪು, ಆದರೆ ಒಂದೇ ಕಿಟಕಿಯ ಈ ಕೋಣೆಯ ಬೆಳಕು ಅದಕ್ಕೆ ಸಾಲದು. ಕೈ ಕೊಂಚ ಅಲುಗಿದರೂ ಮುಖ ಕಲಸಿಹೋಗುತ್ತದೆ. ಬಣ್ಣದ್ದು ಹಾಕಿದರೆ ಮುಖಕ್ಕಿಂತ ಮೊದಲು ಅಪ್ಪನ ಹಸಿರು ಅಂಗಿ ಕಾಣುತ್ತದೆ. ಕೊನೆಗೆ ನಾನೂರರ ಕಪ್ಪುಬಿಳುಪಿಗೆ ಬಂದು ನಿಂತ. ಚಿತ್ರ ಸ್ವಲ್ಪ ಮರಳು ಮರಳಾಗಿ ಬರುತ್ತದೆ, ಆದರೆ ಆ ಎರಡು ಮುಖಗಳಿಗೆ ಅದೇ ಒಪ್ಪುತ್ತದೆ ಎನಿಸಿತ್ತು.

ಅಷ್ಟೆಲ್ಲ ಯೋಚಿಸಿದವನು ತುಂಬುವಾಗ ಅವಸರಪಟ್ಟ. ದೊಡ್ಡಪ್ಪ ಹೇಳಿದ್ದಕ್ಕಿಂತ ಅರ್ಧ ಗಂಟೆ ಮೊದಲೇ ಬಂದಿದ್ದರು. ಎಲ್ಲರ ಕಣ್ಣೆದುರು ರೀಲಿನ ತುದಿಯನ್ನು ಸೀಳಿಗೆ ಸಿಕ್ಕಿಸಲು ಹೋದರೆ ಅದು ಎರಡು ಸಲ ಜಾರಿತು.

“ನಿಧಾನ ಕಣೋ,” ಎಂದರು ದೊಡ್ಡಪ್ಪ, ಅತ್ತೆಯ ಕಡೆ ನೋಡುತ್ತಾ. “ಏನಾದ್ರೂ ಬಿಟ್ಟುಹೋಗೋದು ಈ ಮನೇಲಿ ಮೊದಲಿಂದ ಇದ್ದಿದ್ದೇ.”

ಅಪ್ಪನ ದವಡೆ ಬಿಗಿಯಿತು. ಅವನು ಕ್ಯಾಮೆರಾದ ಹಿಂಬಾಗಿಲನ್ನು ಪಟ್ಟನೆ ಮುಚ್ಚಿಬಿಟ್ಟ.

ಈಗ ಬೆರಳನ್ನು ದೂರವಿಟ್ಟು ಹತ್ತನೆಯ ಸಲ ಎಳೆದ. ಗುಂಡಿ ಕದಲಲಿಲ್ಲ.

ಬಾಯಿಬಿಟ್ಟು ಹೇಳಿದರೆ ಸರಿಪಡಿಸಲು ಎರಡು ನಿಮಿಷ ಸಾಕು. ಆದರೆ ಅಪ್ಪ ಬೆಳಗ್ಗೆಯೇ ಖಡಾಖಂಡಿತವಾಗಿ ಹೇಳಿದ್ದರು, ಕೂರುವುದು ಒಂದೇ ಸಲ, ಎದ್ದರೆ ಎದ್ದ ಹಾಗೆ. ರೀಲು ಸಿಕ್ಕಿಯೇ ಇಲ್ಲ ಎಂದರೆ ದೊಡ್ಡಪ್ಪ ಸುಮ್ಮನಿರುವರೇ? ಆ ಚುಚ್ಚುಮಾತು ಇನ್ನೊಮ್ಮೆ ಬಂದರೆ ಅಪ್ಪ ಖಂಡಿತ ಏಳುತ್ತಾರೆ.

“ಏನ್ ಫೋಟೋಗ್ರಾಫರ್ರೇ, ಮುಗೀತಾ?” ಅತ್ತೆ ಬಾಗಿಲಿಗೆ ಒರಗಿ ಕೇಳಿದರು. “ಇವರಿಬ್ಬರು ಉಸಿರು ಹಿಡಿದು ಕೂತಿದಾರೆ, ಯಾರಾದ್ರೂ ಒಬ್ರು ಹೋಗಿಬಿಟ್ಟಾರು.”

“ಇನ್ನೊಂದು, ಅತ್ತೆ.”

ಕ್ಲಿಕ್ಕಿಸಿದ. ಚೌಕಟ್ಟಿಗೆ ಹಿಡಿಸುತ್ತಿಲ್ಲ, ಒಂಚೂರು ಹತ್ತಿರ ಬನ್ನಿ ಎಂದ. ಬಂದರು. ಯಾರ ಮಾತಿಗೂ ಬಗ್ಗದವರು ಆ ಕಪ್ಪು ಗಾಜಿನ ಮಾತು ಕೇಳುತ್ತಿದ್ದರು. ಹದಿನೇಳಕ್ಕೆ ನಡುವಿನ ಜಾಗ ಒಂದು ದಿಂಬಿನಷ್ಟಾಯಿತು. ಇಪ್ಪತ್ತೆರಡಕ್ಕೆ ದೊಡ್ಡಪ್ಪ, ಯಾರಿಗೆಂದಿಲ್ಲದೆ, ನಮ್ಮಪ್ಪನೂ ಹೀಗೇ ಕಾಲು ಸೋಲುವ ತನಕ ನಿಲ್ಲಿಸುತ್ತಿದ್ದರು ಎಂದರು. ಮೂವತ್ತಾರನ್ನೂ ನಮ್ಮ ಮೇಲೇ ಮುಗಿಸುತ್ತಿದ್ದರು ಎಂದರು ಅಪ್ಪ, ಎದುರಿನ ಗೋಡೆಗೆ.

ಮೂವತ್ತಾರು. ಅಪ್ಪ ಈ ಕ್ಯಾಮೆರಾದ ಮುಂದೆಯೇ ಬೆಳೆದವರು. ಒಂದು ರೀಲಿಗೆ ಎಷ್ಟು, ಮುಗಿದಾಗ ಲಿವರ್ ಹೇಗೆ ಬಿಗಿದು ನಿಲ್ಲುತ್ತದೆ, ಎಲ್ಲ ಬಲ್ಲರು. ಇಪ್ಪತ್ತೊಂಬತ್ತು. ಮೂವತ್ತೊಂದು. ನಡುನಡುವೆ ಗಾಜು ಒರೆಸಿದ, ಕಿಟಕಿಯ ಪರದೆ ಸರಿಸಿದ, ಮತ್ತೆ ಮುಚ್ಚಿದ. ಅಪ್ಪನ ಕಣ್ಣು ಒಮ್ಮೆ ಅವನ ಎಡಗೈಯ ಮೇಲೆ ನಿಂತಂತಾಯಿತು. ಅವನು ಗುಂಡಿಯನ್ನು ಅಂಗೈಯಲ್ಲಿ ಮರೆಮಾಡಿಕೊಂಡ. ಮೂವತ್ತೈದು. ಇನ್ನು ಒಂದೇ. ಅದಾದ ಮೇಲೆ ದೊಡ್ಡಪ್ಪ ಎದ್ದು ಚಪ್ಪಲಿ ಮೆಟ್ಟುತ್ತಾರೆ.

ಮೂವತ್ತಾರನೆಯದನ್ನು ಎಳೆದು, ಕಣ್ಣಿಗೆ ಹಿಡಿದು, ಒತ್ತದೆ ನಿಂತ. ಫೋಕಸ್ ಉಂಗುರವನ್ನು ಅತ್ತ ತಿರುವಿದ, ಇತ್ತ ತಿರುವಿದ.

“ನಾನು ಆವತ್ತು ಪ್ರೂಫ್ ನೋಡ್ಲಿಲ್ಲ ಕಣೋ,” ಎಂದರು ದೊಡ್ಡಪ್ಪ. ಕಣ್ಣು ಕ್ಯಾಮೆರಾದ ಮೇಲೇ ಇತ್ತು. “ಅಪ್ಪ ಹೋಗಿ ಎರಡು ದಿನ ಆಗಿತ್ತು. ಅಕ್ಷರ ಕಣ್ಣಲ್ಲಿ ನಿಲ್ತಿರ್ಲಿಲ್ಲ. ನೋಡದೇ ಸಹಿ ಹಾಕ್ದೆ.”

ಅಪ್ಪ ಮಂಡಿಯ ಮೇಲಿನ ತಮ್ಮ ಕೈಗಳನ್ನು ನೋಡಿದರು.

“ಬಿಟ್ಟಿದ್ದು ನಾನೇ, ಅಣ್ಣ. ಬೇಕಂತ ಅಲ್ಲ.”

ಅವನು ಒತ್ತಿದ. ಅಭ್ಯಾಸಬಲದಿಂದ ಕೈ ಮತ್ತೆ ಲಿವರ್ ಎಳೆಯಿತು. ಬಿಗಿದು ನಿಲ್ಲಬೇಕಾದದ್ದು ಸರಾಗವಾಗಿ ಬಂತು. ಮೂವತ್ತೇಳು. ಆಗ ಅವನತ್ತ ಯಾರೂ ನೋಡುತ್ತಿರಲಿಲ್ಲ. ಅತ್ತೆ ಸೆರಗಿನಲ್ಲಿ ಮೂಗೊರೆಸಿಕೊಂಡು ಒಳಗೆ ಹೋಗಿದ್ದರು.

ಎಲ್ಲ ಹೋದ ಮೇಲೆ ಬಚ್ಚಲಿನ ಬಾಗಿಲು ಹಾಕಿಕೊಂಡು ಕ್ಯಾಮೆರಾ ಬಿಚ್ಚಿದ. ರೀಲಿನ ತುದಿ ಅವನು ಮಧ್ಯಾಹ್ನ ಇಟ್ಟಲ್ಲೇ ಮಲಗಿತ್ತು.

ದೊಡ್ಡಪ್ಪ ಮಗಳ ಮನೆಯಿಂದ ಭಾನುವಾರ ಫೋನ್ ಮಾಡಿದರು: ಫೋಟೋ ಬಂತಾ? ಹುಡುಗ ತೊಳೀತಿದಾನೆ ಅಣ್ಣ, ಎಂದರು ಅಪ್ಪ. ಆಮೇಲೆ ಮಂಡಿನೋವಿನ ವಿಷಯ ಬಂತು, ಪ್ರೆಸ್ಸಿನ ಹಳೆಯ ಗಿರಾಕಿಗಳ ವಿಷಯ ಬಂತು. ಮರು ಭಾನುವಾರವೂ ಅದೇ. ಮೂರನೆಯ ಭಾನುವಾರ ಫೋನ್ ಬರುವ ಮೊದಲೇ ಅಪ್ಪ ಅವನ ಕೋಣೆಗೆ ಬಂದರು.

“ಏನಾಯ್ತೋ?”

“ಹಳೇ ಕ್ಯಾಮೆರಾ ಅಲ್ವಾ ಅಪ್ಪ. ಒಳಗೇನೋ ಕೆಟ್ಟಿದೆ. ಯಾವುದೂ ಬಂದಿಲ್ಲ.”

ಅಪ್ಪ ಕ್ಯಾಮೆರಾವನ್ನು ಕೈಗೆತ್ತಿಕೊಂಡು ಎಡಗಡೆಯ ಗುಂಡಿಯನ್ನು ಎರಡು ಬೆರಳಲ್ಲಿ ಹಿಡಿದು ಒಂದು ಸುತ್ತು ತಿರುಗಿಸಿದರು. ಅದು ಸಲೀಸಾಗಿ ತಿರುಗಿತು. ಕ್ಯಾಮೆರಾವನ್ನು ಮೇಜಿನ ಮೇಲಿಟ್ಟು ಹೊರಟರು. ಸ್ವಲ್ಪ ಹೊತ್ತಿಗೆ ಹೊರಕೋಣೆಯಿಂದ ಅವರ ದನಿ ಕೇಳಿಸಿತು, ಅಪ್ಪನ ಕ್ಯಾಮೆರಾ ಕೈಕೊಡ್ತು ಅಣ್ಣ, ನೀನು ಬಂದಾಗ ಮತ್ತೆ ಕೂರೋಣ.

ಅವನು ಬಾಗಿಲವರೆಗೆ ಹೋದ. ಹೇಳಬೇಕಾದದ್ದು ಪ್ರೂಫಿನ ಬಗ್ಗೆ ದೊಡ್ಡಪ್ಪ ಆಡಿದ ಮಾತಿನಷ್ಟೇ ಚಿಕ್ಕದು. ರೀಲು ಹಲ್ಲಿಗೆ ಸಿಕ್ಕಿತೇ ಎಂದು ನಾನು ನೋಡಲಿಲ್ಲ. ಅದನ್ನು ಅವನು ಆವತ್ತೂ ಹೇಳಲಿಲ್ಲ, ಆಮೇಲೂ ಹೇಳಲಿಲ್ಲ.